‘ನಾನು ಅಳಿದೆ’ ಅಂದವಳ ಅತ್ತೆ

ಅಣ್ಣನ ಮಗಳಿಗೆ ಆಗ ಮೂರು ವರ್ಷ ಹತ್ತು ತಿಂಗಳು. ಎಲ್‌ಕೆಜಿ ಸೇರಿ ಇನ್ನೂ ಸ್ವಲ್ಪ ದಿನ ಆಗಿತ್ತು ಅಷ್ಟೇ. ಮಧ್ಯಾಹ್ನ ವ್ಯಾನಿನಿಂದ ಇಳಿದು ಬಂದವಳು ಬಾಗಿಲಲ್ಲೇ ಶೂ ಕಿತ್ತುಹಾಕುತ್ತಾ, "ಅತ್ತೆ, ಇವತ್ತು ಸ್ಕೂಲಲ್ಲಿ ನಾನು ಅಳಿದೆ" ಅಂದಳು. ಅಡುಗೆಮನೆಯಲ್ಲಿದ್ದ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು. "ಬಿಡ್ತು ಅನ್ನೇ! ಅಳಿದೆ ಅಂತೆ ಅಳಿದೆ. ಅತ್ತೆ ಅನ್ನು."

ಅವಳು ನನ್ನ ಮುಖ ನೋಡಿದಳು. "ಅತ್ತೆ" ಅಂದಳು. ಆಮೇಲೆ ಅಜ್ಜಿ ಕಡೆ ತಿರುಗಿ, "ಅತ್ತೆ ಅಲ್ಲ ಅಜ್ಜಿ, ನಾನು ಅಳಿದೆ" ಅಂದಳು. ಅವಳ ಲೆಕ್ಕದಲ್ಲಿ ಅತ್ತೆ ಅಂದರೆ ನಾನು. ಅತ್ತಿದ್ದು ಅವಳು. ಇಬ್ಬರೂ ಒಂದೇ ಹೇಗಾಗುತ್ತಾರೆ?

ಮೈಸೂರಿನ ಈ ಮನೆಯಲ್ಲಿ ಅಣ್ಣ, ಅತ್ತಿಗೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗಿಬಿಡುತ್ತಾರೆ. ನಾನು ಮನೆಯಲ್ಲೇ ಕೂತು ಪ್ರೂಫ್ ನೋಡುವವಳು. ಹಾಗಾಗಿ ಮಧ್ಯಾಹ್ನದಿಂದ ಸಂಜೆವರೆಗೆ ಪುಟ್ಟಿ ನನ್ನ ಪಾಲಿಗೆ. ತಪ್ಪು ಕಂಡರೆ ಕೆಂಪು ಪೆನ್ನು ಹುಡುಕುವುದು ನನಗೆ ಹೊಟ್ಟೆಪಾಡು, ಅದನ್ನೇ ಅವಳ ಮೇಲೂ ಶುರು ಮಾಡಿದ್ದೆ. ತಿನ್ನಿದೆ ಅಲ್ಲ ಪುಟ್ಟಿ, ತಿಂದೆ. ಕೊಡಿದೆ ಅಲ್ಲ, ಕೊಟ್ಟೆ. ಬೀಳಿದೆ ಅಲ್ಲ, ಬಿದ್ದೆ. ಒಂದು ವಾರ ತಿದ್ದಿದ ಮೇಲೆ ಒಂದು ವಿಷಯ ನೆನಪಾಗಿ ಪೆನ್ನು ಕೆಳಗಿಟ್ಟೆ. ಎರಡು ವರ್ಷದವಳಿದ್ದಾಗ ಇವಳೇ "ಬಿದ್ದೆ" ಅಂತ ಸರಿಯಾಗಿ ಹೇಳುತ್ತಿದ್ದಳು! ಬಿದ್ದೆ, ಬಂದೆ, ತಿಂದೆ, ಎಲ್ಲ ಸರಿ ಇತ್ತು. ದೊಡ್ಡವಳಾಗುತ್ತಾ ಕೆಟ್ಟಿತೇ?

ಕೆಟ್ಟಿದ್ದಲ್ಲ. ಎರಡು ವರ್ಷದಲ್ಲಿ ಅವಳು ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುತ್ತಿದ್ದಳು, ಗಿಳಿ ತರ. ನಾಲ್ಕು ವರ್ಷದ ಹತ್ತಿರ ಬಂದಾಗ ಅವಳ ತಲೆಯೊಳಗೆ ಯಾರೂ ಹೇಳಿಕೊಡದ ಒಂದು ಸೂತ್ರ ಕೂತುಬಿಟ್ಟಿದೆ. ಮಾಡು, ಮಾಡಿದೆ. ಓಡು, ಓಡಿದೆ. ಹಾಡು, ಹಾಡಿದೆ. ಹಾಗಾದರೆ ಅಳು, ಅಳಿದೆ. ನಗು, ನಗಿದೆ. ತಪ್ಪಿರುವುದು ಕನ್ನಡದಲ್ಲಿ, ಅವಳಲ್ಲಲ್ಲ! ಅತ್ತೆ, ನಕ್ಕೆ, ಬಿದ್ದೆ ಅಂತ ಸೂತ್ರ ಬಿಟ್ಟು ಓಡಾಡುವ ಪದಗಳನ್ನು ಅವಳು ಸಾಲಿನಲ್ಲಿ ನಿಲ್ಲಿಸುತ್ತಿದ್ದಾಳೆ, ಅಷ್ಟೇ.

1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬಾಕೆ ಇದನ್ನು ಚೆಂದವಾಗಿ ಪರೀಕ್ಷೆ ಮಾಡಿದ್ದರು. ಇಲ್ಲದ ಒಂದು ಪ್ರಾಣಿಯ ಚಿತ್ರ ಬರೆದು ಅದಕ್ಕೆ ‘ವಗ್’ ಅಂತ ಹೆಸರಿಟ್ಟು, ಈಗ ಇಂಥವು ಎರಡಿವೆ, ಏನನ್ನುತ್ತೀರಿ ಅಂತ ಪುಟ್ಟ ಮಕ್ಕಳನ್ನು ಕೇಳಿದರು. ಹುಟ್ಟಿದಾಗಿನಿಂದ ಕೇಳಿಲ್ಲದ ಪದಕ್ಕೆ ಮಕ್ಕಳು ಸರಿಯಾದ ಬಹುವಚನ ಹಚ್ಚಿ ಕೊಟ್ಟರು. ನಾನೂ ಒಂದು ಪದ ಕಟ್ಟಿದೆ. "ಪುಟ್ಟಿ, ಕರಡಿ ದಿನಾ ಟಿಮುಕತ್ತೆ. ನೀನೂ ನಿನ್ನೆ ಹಾಗೇ ಮಾಡಿದೆ. ನಿನ್ನೆ ನೀನು ಏನು ಮಾಡಿದೆ?" ಒಂದು ಕ್ಷಣವೂ ಯೋಚಿಸಲಿಲ್ಲ. "ಟಿಮುಕಿದೆ." ಆಮೇಲೆ, "ಆದ್ರೆ ನಾನು ಟಿಮುಕಿಲ್ಲ ಅತ್ತೆ, ಕರಡಿ ಮಾತ್ರ."

ಆವತ್ತಿನಿಂದ ನಾನು ತಿದ್ದುವುದಿಲ್ಲ. ಅವಳು "ಅಳಿದೆ" ಅಂದರೆ ನಾನು "ಅಯ್ಯೋ, ಅತ್ತುಬಿಟ್ಯಾ?" ಅಂತ ಸುಮ್ನೆ ಮಾತು ಮುಂದುವರಿಸುತ್ತೇನೆ. ಸರಿ ರೂಪ ಕಿವಿಗೆ ಬಿದ್ದಿರುತ್ತದೆ. ಸಮಯ ಬಂದಾಗ ಎತ್ತಿಕೊಳ್ಳುತ್ತಾಳೆ. ಅಮ್ಮ ಮಾತ್ರ ಈಗಲೂ "ಬಿಡ್ತು ಅನ್ನು" ಬಿಟ್ಟಿಲ್ಲ.

ಆ ವರ್ಷವೆಲ್ಲ ಇಂಥವೇ. ಆಗಿಹೋದದ್ದೆಲ್ಲ ಅವಳಿಗೆ ‘ನಿನ್ನೆ’, ಅದು ಹೋದ ಯುಗಾದಿಯೇ ಇರಲಿ. ‘ನಾಳೆ’ ಬೇಕಾದಾಗ ಮುಂದಕ್ಕೂ ಹೋಗುತ್ತಿತ್ತು, ಹಿಂದಕ್ಕೂ. "ನಾಳೆ ಝೂಗೆ ಹೋಗಿದ್ವಲ್ಲ" ಅಂದರೆ ನಾವು ಹೂಂ ಅನ್ನುತ್ತಿದ್ದೆವು. ರಾತ್ರಿ ಸ್ಕೂಟರಿನಲ್ಲಿ ಬರುವಾಗ ಚಂದಮಾಮ ನಮ್ಮ ಹಿಂದೆಯೇ ಬರುತ್ತಾನೆ ಅನ್ನುತ್ತಿದ್ದಳು. ಸ್ವಿಟ್ಜರ್‌ಲೆಂಡಿನ ಮಕ್ಕಳೂ ಹಾಗೇ ಹೇಳುವುದನ್ನು ಅಲ್ಲಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ನಾವಾದರೂ ಏನು ಕಡಿಮೆ? ಚಂದ್ರನನ್ನು ಮಾಮ ಮಾಡಿ ಕೈತುತ್ತು ತಿನ್ನಿಸುವವರು ನಾವೇ. ಮಾಮ ಅಂದಮೇಲೆ ಮನೆವರೆಗೂ ಬರದೆ ಇರುತ್ತಾನಾ?

ಆದರೆ ನನ್ನನ್ನು ನಿಜಕ್ಕೂ ಕೂರಿಸಿ ಯೋಚಿಸುವಂತೆ ಮಾಡಿದ್ದು ಅವಳ ಮೊದಲ ಸುಳ್ಳು.

ಅದಕ್ಕೆ ಮುಂಚಿನ ಕಥೆ ಹೇಳಬೇಕು. 2023ರ ದಸರಾ. ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಚಕ್ಕುಲಿ ಡಬ್ಬಿ ಗೊಂಬೆ ಮೆಟ್ಟಿಲಿನ ಕೆಳಗಿತ್ತು. ಅಮ್ಮ ದೇವಸ್ಥಾನಕ್ಕೆ ಹೋದಾಗ ನಾನು, ಪುಟ್ಟಿ ಸೇರಿ ಡಬ್ಬಿಯನ್ನು ಫ್ರಿಜ್ ಮೇಲೆ ಇಟ್ಟೆವು. "ಅಜ್ಜಿ ಬಂದು ಚಕ್ಕುಲಿ ಎಲ್ಲಿ ಹುಡುಕ್ತಾರೆ?" ಅಂತ ಕೇಳಿದೆ. "ಫ್ರಿಜ್ ಮೇಲೆ." ಅಜ್ಜಿ ನೋಡೇ ಇಲ್ವಲ್ಲ ನಾವು ಇಟ್ಟಿದ್ದು? "ಚಕ್ಕುಲಿ ಅಲ್ಲೇ ಇದೆಯಲ್ಲ ಅತ್ತೆ." ನನ್ನ ದಡ್ಡತನಕ್ಕೆ ಅವಳಿಗೇ ಬೇಜಾರು.

ಇದು ನನ್ನ ಸ್ವಂತ ಪರೀಕ್ಷೆ ಅಲ್ಲ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ 1983ರಲ್ಲಿ ಪ್ರಕಟಿಸಿದ್ದು. ಅಲ್ಲಿ ಮ್ಯಾಕ್ಸಿ ಅನ್ನುವ ಹುಡುಗ, ಅವನ ಚಾಕೊಲೇಟು. ಅವನಿಲ್ಲದಾಗ ಅವನಮ್ಮ ಚಾಕೊಲೇಟನ್ನು ಬೇರೆ ಕಡೆ ಇಡುತ್ತಾಳೆ. ವಾಪಸು ಬಂದವನು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕೊಲೇಟು ಈಗ ಇರುವ ಜಾಗವನ್ನೇ ತೋರಿಸುತ್ತವೆ. ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರಬಹುದು ಅನ್ನುವುದೇ ಆ ವಯಸ್ಸಿಗೆ ನಿಲುಕುವುದಿಲ್ಲ. ನಾಲ್ಕು ದಾಟಿ ಐದರ ಕಡೆ ಹೋಗುವಾಗ ಅದು ನಿಧಾನಕ್ಕೆ ಬರುತ್ತದೆ. ಫೋನಿನಲ್ಲಿ ಅಪ್ಪ "ಏನು ಮಾಡ್ತಿದೀಯಾ?" ಅಂದರೆ "ಇದು" ಅಂತ ಆಟದ ಸಾಮಾನು ಎತ್ತಿ ತೋರಿಸುತ್ತವಲ್ಲ, ಅದೂ ಇದೇ. ನನಗೆ ಕಾಣುತ್ತಿದೆ ಅಂದಮೇಲೆ ನಿನಗೂ ಕಾಣುತ್ತಿದೆ.

ಮುಂದಿನ ವರ್ಷ ಕೃಷ್ಣಾಷ್ಟಮಿ. ಮತ್ತೆ ಚಕ್ಕುಲಿ. ನೈವೇದ್ಯಕ್ಕೆ ಮುಂಚೆ ಮುಟ್ಟಬಾರದು ಅಂತ ಅಮ್ಮ ಹತ್ತು ಸಲ ಹೇಳಿ ಹಿತ್ತಲಿಗೆ ಹೋಗಿ ಬಂದರೆ, ತಟ್ಟೆಯಲ್ಲಿ ಒಂದು ಕಮ್ಮಿ. "ಪುಟ್ಟಿ, ಚಕ್ಕುಲಿ ತಗೊಂಡ್ಯಾ?" "ಇಲ್ಲ ಅಜ್ಜಿ." ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಫ್ರಾಕಿನ ತುಂಬ ಪುಡಿ. "ಮತ್ತೆ ಯಾರು ತಗೊಂಡಿದ್ದು?" "ಕೃಷ್ಣ." ಸ್ವಲ್ಪ ಹೊತ್ತು ಬಿಟ್ಟು, "ಉಪ್ಪು ಜಾಸ್ತಿ ಇತ್ತು" ಅಂತ ಸೇರಿಸಿದಳು.

ನಾನು ನಕ್ಕಿದ್ದಕ್ಕೆ ಅಮ್ಮನಿಗೆ ಸಿಟ್ಟು ಬಂತು. ಸುಳ್ಳು ಕಲೀತಿದೆ ಮಗು, ನೀನು ಹಲ್ಲು ಕಿರಿ ಅಂದರು. ನನಗೋ ಒಳಗೊಳಗೇ ಖುಷಿ. ಹತ್ತು ತಿಂಗಳ ಹಿಂದೆ ಇವಳಿಗೆ ಸುಳ್ಳು ಹೇಳುವುದಕ್ಕೇ ಆಗುತ್ತಿರಲಿಲ್ಲ. ಸುಳ್ಳು ಹೇಳಬೇಕಾದರೆ ಅಜ್ಜಿಯ ತಲೆಯೊಳಗೆ ಏನಿದೆ, ಏನಿಲ್ಲ ಅಂತ ಮೊದಲು ಗೊತ್ತಿರಬೇಕು. ಅಜ್ಜಿ ನೋಡಿಲ್ಲ, ಹಾಗಾಗಿ ಅಜ್ಜಿಗೆ ಗೊತ್ತಿಲ್ಲ, ಹಾಗಾಗಿ ನಾನು ಹೇಳಿದ್ದನ್ನು ನಂಬಬಹುದು. ಮೂರು ಮೆಟ್ಟಿಲು ಹತ್ತಿದ್ದಾಳೆ. ನಾಲ್ಕನೆಯ ಮೆಟ್ಟಿಲಲ್ಲಿ ಮುಗ್ಗರಿಸಿದಳು, ಅಷ್ಟೇ.

ಕೆನಡಾದ ಕ್ಯಾಂಗ್ ಲೀ ಮತ್ತು ಅವರ ಜೊತೆಯವರು ಇದನ್ನೇ ವರ್ಷಗಟ್ಟಲೆ ನೋಡಿದ್ದಾರೆ. ಮಗುವಿನ ಬೆನ್ನ ಹಿಂದೆ ಒಂದು ಆಟದ ಸಾಮಾನು ಇಟ್ಟು, ತಿರುಗಿ ನೋಡಬೇಡ ಅಂತ ಹೇಳಿ ಹೊರಗೆ ಹೋಗುವುದು. ಮಕ್ಕಳು ನೋಡಿಯೇ ನೋಡುತ್ತವೆ. ಬಂದು ಕೇಳಿದರೆ ಮೂರು ವರ್ಷದವರಲ್ಲಿ ಬಹಳ ಮಂದಿ ಹೌದು ಅಂತ ಒಪ್ಪಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡವರು ಹೆಚ್ಚಾಗಿ ಇಲ್ಲ ಅನ್ನುತ್ತಾರೆ. ಆದರೆ ಹಿಂದೆ ಯಾವ ಸಾಮಾನಿತ್ತು, ಊಹೆ ಮಾಡು ನೋಡೋಣ ಅಂದರೆ ನಾಲ್ಕೈದು ವರ್ಷದವರು ಅದರ ಹೆಸರನ್ನು ಠಪ್ ಅಂತ ಹೇಳಿಬಿಡುತ್ತಾರೆ! ಉಪ್ಪು ಜಾಸ್ತಿ ಇತ್ತು ಅಂದ ಹಾಗೆ. ಹೇಳಿದ ಸುಳ್ಳಿಗೆ ಮುಂದಿನ ಮಾತನ್ನೂ ಹೊಂದಿಸಿಕೊಂಡು ಹೋಗುವ ಚಾಲಾಕಿತನ ಬರುವುದು ಇನ್ನೂ ಒಂದೆರಡು ವರ್ಷ ಕಳೆದ ಮೇಲೆ. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಅದೆಲ್ಲ ಇರ್ಲಿ, ಕೃಷ್ಣನ ಹೆಸರು ಯಾಕೆ ತೆಗೀಬೇಕಿತ್ತು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬೆಣ್ಣೆ ಕದ್ದು ಇಲ್ಲ ಅಂದವನ ಕಥೆಯನ್ನು ಹಿಂದಿನ ರಾತ್ರಿ ಹೇಳಿದ್ದು ಅವರೇ.

ಇನ್ನು ದೋಸೆ ವಿಷಯ. ಒಂದು ದೋಸೆ ಸಾಕಾಗುವುದಿಲ್ಲ, ಎರಡು ಬೇಕು ಅಂತ ಹಟ. ಅತ್ತಿಗೆ ಅದೇ ದೋಸೆಯನ್ನು ಎರಡು ತುಂಡು ಮಾಡಿ "ತಗೋ, ಎರಡು" ಅಂದರೆ ಹಟ ಬಂದ್. ನಾವೆಲ್ಲ ಮಾಡಿದ ಮೋಸವೇ ಇದು. ಗಿಡ್ಡ ಬಟ್ಟಲಲ್ಲಿದ್ದ ಹಾಲನ್ನು ಉದ್ದ ಲೋಟಕ್ಕೆ ಬಗ್ಗಿಸಿದರೆ ಹಾಲು ಜಾಸ್ತಿಯಾಯಿತು ಅಂತ ನಂಬುವ ವಯಸ್ಸು. ಪಿಯಾಜೆ ಇದನ್ನು ಎರಡರಿಂದ ಏಳು ವರ್ಷದ ಘಟ್ಟ ಅಂತ ಗುರುತು ಹಾಕಿದ್ದರು. ಈ ವಯಸ್ಸಿನ ಮಕ್ಕಳಿಗೆ ಕಣ್ಣಿಗೆ ಕಂಡಿದ್ದೇ ನಿಜ, ಎತ್ತರ ನೋಡಿದರೆ ಅಗಲ ಮರೆತುಹೋಗುತ್ತದೆ, ಬಗ್ಗಿಸಿದ್ದನ್ನು ಮನಸ್ಸಿನಲ್ಲೇ ವಾಪಸು ಬಗ್ಗಿಸಲು ಬರುವುದಿಲ್ಲ ಅಂತ.

ನನಗೆ ಪಿಯಾಜೆ ಮೇಲೆ ಗೌರವ ಇದೆ. ಮನೆಯ ಮೂರು ಮಕ್ಕಳನ್ನೇ ನೋಡುತ್ತಾ ಅಷ್ಟೊಂದು ಬರೆದ ಮನುಷ್ಯ. ಆದರೆ ಅವರು ಮಕ್ಕಳನ್ನು ಸ್ವಲ್ಪ ಕಮ್ಮಿ ಅಂದಾಜು ಮಾಡಿದ್ದರೇನೋ. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮ್ಯಾಕ್‌ಗ್ಯಾರಿಗಲ್ ಒಂದು ಕಿತಾಪತಿ ಮಾಡಿದರು. ಎರಡು ಸಾಲು ಬಿಲ್ಲೆ ಸಮನಾಗಿ ಇಟ್ಟು, ದೊಡ್ಡವರು ಒಂದು ಸಾಲನ್ನು ಹಿಗ್ಗಿಸಿ "ಈಗ ಯಾವುದರಲ್ಲಿ ಜಾಸ್ತಿ?" ಅಂದರೆ ಹೆಚ್ಚಿನ ಮಕ್ಕಳು ತಪ್ಪು ಹೇಳುತ್ತವೆ. ಅದೇ ಕೆಲಸವನ್ನು ಒಂದು ತುಂಟ ಕರಡಿ ಗೊಂಬೆ ನುಗ್ಗಿ ಬಂದು ಹಾಳು ಮಾಡಿತು ಅನ್ನುವ ಹಾಗೆ ಮಾಡಿದಾಗ ಸರಿ ಹೇಳಿದವರು ಎಷ್ಟೋ ಜಾಸ್ತಿಯಾದರು. ದೊಡ್ಡವರು ಬೇಕೆಂದೇ ಸಾಲು ಬದಲಿಸಿ, ಕೇಳಿದ್ದನ್ನೇ ಮತ್ತೆ ಕೇಳಿದರೆ ಮಗು ಅಂದುಕೊಳ್ಳುತ್ತದೆ, ಮೊದಲು ಹೇಳಿದ್ದು ತಪ್ಪಿರಬೇಕು, ಇವರಿಗೆ ಬೇರೆ ಉತ್ತರ ಬೇಕಿರಬೇಕು ಅಂತ. ಎಂಥ ಬುದ್ಧಿ ನೋಡಿ. ನಾನು ಹುಣಸೆಬೀಜ ಇಟ್ಟು ಮಾಡಿದೆ. ನಾನು ಚದುರಿಸಿದಾಗ "ಇದು ಜಾಸ್ತಿ" ಅಂದಳು. ಅವಳ ಮಂಗನ ಗೊಂಬೆ ಚದುರಿಸಿದಾಗ, "ಅಷ್ಟೇ ಇದೆ ಅತ್ತೆ, ಈ ಕೋತಿ ಸುಮ್ನೆ ದೂರ ದೂರ ಇಡ್ತು" ಅಂದಳು. ಎರಡು ಸಲ ಮಾಡಿದೆ, ಎರಡು ಸಲವೂ ಹಾಗೇ. ಶಾಲೆಯಲ್ಲಿ ಎಷ್ಟು ಪ್ರಶ್ನೆಗಳಿಗೆ ಮಕ್ಕಳು ಟೀಚರ ಮುಖ ನೋಡಿಕೊಂಡು ಉತ್ತರ ಬದಲಿಸುತ್ತವೋ!

ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದವರು ರಷ್ಯಾದ ಲೆವ್ ವೈಗೊಟ್‌ಸ್ಕಿ. ಪಿಯಾಜೆ 1980ರವರೆಗೆ ಬದುಕಿದರು, ಇವರು 1934ರಲ್ಲೇ ಮೂವತ್ತೇಳನೇ ವಯಸ್ಸಿಗೆ ಹೋಗಿಬಿಟ್ಟರು. ಮಕ್ಕಳು ಆಡುವಾಗ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತವಲ್ಲ, ಪಿಯಾಜೆಗೆ ಅದು ಇನ್ನೊಬ್ಬರ ಕಡೆಯಿಂದ ನೋಡಲು ಬಾರದವರ ಮಾತು. ವೈಗೊಟ್‌ಸ್ಕಿ ಹಾಗಲ್ಲ, ಅದು ಯೋಚನೆ, ಇನ್ನೂ ಒಳಗೆ ಹೋಗಿಲ್ಲ ಅಷ್ಟೇ ಅಂದರು. ಕೆಲಸ ಕಷ್ಟವಾದಷ್ಟೂ ಈ ಮಾತು ಜಾಸ್ತಿಯಾಗುತ್ತದೆ ಅನ್ನುವುದನ್ನೂ ಗಮನಿಸಿದ್ದರು. ಪುಟ್ಟಿ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ನೋಡಬೇಕು. "ನೀನು ಇಲ್ಲಿ ಬಾ... ತೂತು ಎಲ್ಲಿ... ಇದಲ್ಲ, ಇದು ಅವನದು... ಹಾಂ, ಹೋದ." ಗುಂಡಿ ಅವಳಿಗೆ ‘ಅವನು’. ಅವಳ ಯುಕೆಜಿ ತರಗತಿಯಲ್ಲಿ ಇಂಥ ಮಾತಿಗೆ ‘ಫಿಂಗರ್ ಆನ್ ಯುವರ್ ಲಿಪ್ಸ್’. ಮೂವತ್ತು ಮಕ್ಕಳು ಜೋರಾಗಿ ಯೋಚಿಸಿದರೆ ಟೀಚರ್ ಗತಿ ಏನು, ಅದೂ ನಿಜವೇ ಬಿಡಿ.

ಶಾಲೆಯ ಮೇಲೆ ನನಗಿರುವ ಜಗಳ ಬೇರೆ. ಬರವಣಿಗೆ. ಎಲ್‌ಕೆಜಿಯಲ್ಲೇ ದಿನಕ್ಕೆ ಎರಡು ಪುಟ, ನಾಲ್ಕು ಗೆರೆ ಪುಸ್ತಕ. ಯುಕೆಜಿಗೆ ಬಂದರೆ ಕನ್ನಡ, ಇಂಗ್ಲಿಷ್, ನಂಬರು, ಮೂರೂ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1840ರಲ್ಲಿ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟಾಗ ಅದರ ಅರ್ಥ ಮಕ್ಕಳ ತೋಟ ಅಂತ. ಅವರು ಮಕ್ಕಳ ಕೈಗೆ ಕೊಟ್ಟಿದ್ದು ಉಲ್ಲನ್ ಚೆಂಡು, ಮರದ ತುಂಡು. ಕೆಜಿ ಅಂತ ಎರಡಕ್ಷರ ಉಳಿಸಿಕೊಂಡು ತೋಟವನ್ನು ನಾವು ಬಿಟ್ಟೆವು.

ನಾನು ಹೋಗಿದ್ದು ಅಂಗನವಾಡಿಗೆ. ನಮ್ಮೂರು ತಿ. ನರಸೀಪುರದ ಹತ್ತಿರ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಆರಿಸಿಕೊಂಡ 33 ಕಡೆಗಳಲ್ಲಿ ಕರ್ನಾಟಕದ ಪಾಲಿಗೆ ಬಂದಿದ್ದು ನಮ್ಮ ತಾಲ್ಲೂಕು. ಅಲ್ಲಿ ಏನು ಕಲಿತೆ ಅಂತ ನೆನಪಿಲ್ಲ, ಉಪ್ಪಿಟ್ಟಿನ ವಾಸನೆ ನೆನಪಿದೆ, ಮಣ್ಣಲ್ಲಿ ಕೂತು ಹುಣಸೆಬೀಜ ಎಣಿಸಿದ್ದು ನೆನಪಿದೆ. ಪೆನ್ಸಿಲು ನೆನಪೇ ಇಲ್ಲ. ಅಂಗನವಾಡಿ ಸ್ವರ್ಗ ಅಂತ ಹೇಳುತ್ತಿಲ್ಲ, ಮಳೆ ಬಂದರೆ ಸೋರುತ್ತಿತ್ತು.

ಕಳೆದ ವರ್ಷದ ಶುರುವಿನಲ್ಲಿ ಪುಟ್ಟಿ ಜಾರುಬಂಡೆಯಿಂದ ಬಿದ್ದು ("ಬೀಳಿದೆ" ಅನ್ನುವುದು ಅಷ್ಟರಲ್ಲಿ ಬಿಟ್ಟಿದ್ದಳು) ಮಣಿಕಟ್ಟು ಊದಿಕೊಂಡಿತು. ಎಕ್ಸ್‌ರೇ ತೆಗೆಸಿದೆವು. ಮುರಿದಿರಲಿಲ್ಲ. ಆದರೆ ಫಿಲಂ ನೋಡಿ ನನಗೆ ಎದೆ ಧಸಕ್ಕೆಂದಿತು, ಅಂಗೈಗೂ ಮುಂಗೈಗೂ ನಡುವೆ ಅಲ್ಲಲ್ಲಿ ಖಾಲಿ! ಡಾಕ್ಟರು ನಕ್ಕರು. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆ ಇರುತ್ತವೆ. ಹುಟ್ಟಿದ ಮಗುವಿನ ಎಕ್ಸ್‌ರೇಯಲ್ಲಿ ಅವು ಒಂದೂ ಕಾಣುವುದಿಲ್ಲ, ಎಲ್ಲ ಮೆತ್ತಗಿನ ಮೃದ್ವಸ್ಥಿ. ವರ್ಷ ಕಳೆದ ಹಾಗೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ, ಕೊನೆಯದು ಕಾಣುವ ಹೊತ್ತಿಗೆ ಎಂಟು, ಹತ್ತು, ಕೆಲವರಿಗೆ ಹನ್ನೆರಡು ವರ್ಷ. ಹುಡುಗಿಯರಲ್ಲಿ ಸ್ವಲ್ಪ ಬೇಗ. ಮಗುವಿನ ಮೂಳೆಗೆ ಎಷ್ಟು ವಯಸ್ಸಾಯಿತು ಅಂತ ತಿಳಿಯಬೇಕಾದರೆ ಡಾಕ್ಟರುಗಳು ನೋಡುವುದೂ ಇದನ್ನೇ. ಪುಟ್ಟಿಯ ಕೈಯಲ್ಲಿ ಐದೋ ಆರೋ ಎಣಿಸಿದೆ. ಹಳೇ ಕಡಲೆಕಾಳು ಚೆಲ್ಲಿದ ಹಾಗಿತ್ತು.

ಈ ಎಕ್ಸ್‌ರೇ ಚಿತ್ರ ಹಾಕಿ ‘ಮೂಳೆಯೇ ಇಲ್ಲದ ಕೈಲಿ ಬರೆಸಬೇಡಿ’ ಅನ್ನುವ ವಾಟ್ಸಾಪ್ ಸಂದೇಶ ನೀವೂ ನೋಡಿರಬಹುದು. ಅದು ಪೂರ್ತಿ ಸರಿಯಲ್ಲ. ಬರೆಯುವುದು ಬರೀ ಮೂಳೆ ಮಾಡುವ ಕೆಲಸ ಅಲ್ಲವಲ್ಲ. ಬೆರಳಿನ ಹಿಡಿತ, ಭುಜದ ಬಲ, ಕಣ್ಣು ಕಂಡದ್ದನ್ನು ಕೈ ಕೇಳುವುದು, ಎಲ್ಲ ಸೇರಬೇಕು. ಮೂರು ವರ್ಷಕ್ಕೆ ವೃತ್ತ ಬರುತ್ತದೆ, ನಾಲ್ಕರ ಹೊತ್ತಿಗೆ ಕೂಡಿಸುವ ಚಿಹ್ನೆ, ಆಮೇಲೆ ಚೌಕ, ಐದರ ಸುಮಾರಿಗೆ ತ್ರಿಕೋನ. ಓರೆ ಗೆರೆ ಎಳೆಯುವುದು ಅಷ್ಟು ಕಷ್ಟ. ನಮ್ಮ ಅಕ್ಷರಗಳೋ, ಗುಂಡಗೆ ಸುತ್ತಿ, ಒಳಗೆ ತಿರುಗಿ, ಮತ್ತೆ ಮೇಲೆ ಬಂದು ತಲೆಕಟ್ಟು. ‘ಈ’ ಬರೆಯುವಾಗ ಪುಟ್ಟಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ ಇದನ್ನು ಯಾರೋ ಯೋಚಿಸಿದ್ದಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು ಅದು. ಅಲ್ಲಿ ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ. ಒಂದೇ ಬಗೆಯ ಬಳುಕು, ಕೈಗೆ ಸುಲಭ, ಐದೇ ಅಕ್ಷರಕ್ಕೆ ಸರ, ಅರಸ, ದಸರ, ಗರಗಸ ಓದಬಹುದು. ಸಾವಿರಗಟ್ಟಲೆ ಫೀಸು ತೆಗೆದುಕೊಳ್ಳುವ ಕಡೆ ಈ ಸಣ್ಣ ವಿಷಯ ಯಾಕೆ ಹೊಳೆಯುವುದಿಲ್ಲವೋ.

ಕೈ ಸರಿಹೋದ ಮೇಲೆ ಅವಳ ಬೆರಳಿಗೆ ನಿಜವಾದ ವ್ಯಾಯಾಮ ಕೊಟ್ಟಿದ್ದು ಅವರೆಕಾಯಿ. ಜನವರಿಯಲ್ಲಿ ನಮ್ಮನೆಯಲ್ಲಿ ಬೇರೇನೂ ಬೇಯುವುದಿಲ್ಲ. ಸಂಜೆ ಅಜ್ಜಿ, ಮೊಮ್ಮಗಳು ಮೊರದ ಮುಂದೆ ಕೂತರೆ ಕಾಯಿ ಬಿಡಿಸಿ, ನೆನೆಸಿದ ಕಾಳು ಹಿತುಕುವುದು. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಕಾಳು ಪುಸಕ್ ಅಂತ ಹಾರಿ ಫ್ಯಾನಿನವರೆಗೆ ಹೋಗುತ್ತಿತ್ತು. ಮೂರನೇ ದಿನ ಹಾರುವುದು ನಿಂತು ನೇರ ಪಾತ್ರೆಗೆ ಬೀಳತೊಡಗಿತು. ಪೆನ್ಸಿಲ್ ಹಿಡಿಯುವುದಕ್ಕೂ ಅದೇ ಎರಡು ಬೆರಳು, ಜೊತೆಗೆ ಇನ್ನೊಂದು. ಅಮ್ಮ ಇದನ್ನು ಶಿಕ್ಷಣ ಅಂತ ಮಾಡಲಿಲ್ಲ, ಹುಳಿಗೆ ಕಾಳು ಬೇಕಿತ್ತು.

ಆಮೇಲೆ ಒಂದನೇ ಕ್ಲಾಸಿನ ತಲೆನೋವು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ಸರ್ಕಾರದ ನಿಯಮ 2025-26ರಿಂದ ಜಾರಿಯಾಗುವುದಿತ್ತು. ಪುಟ್ಟಿ ಹುಟ್ಟಿದ್ದು 2019ರ ನವೆಂಬರ್. ಅಂದರೆ ಇನ್ನೊಂದು ವರ್ಷ ಯುಕೆಜಿ. ನಾನು ಖುಷಿಯಾಗಿದ್ದೆ. ಅತ್ತಿಗೆ ಅಳುವುದೊಂದು ಬಾಕಿ, ಎಲ್ಲ ಗೆಳತಿಯರೂ ಮುಂದೆ ಹೋಗಿ ಇವಳೊಬ್ಬಳೇ ಅದೇ ಬೆಂಚಿನಲ್ಲಿ ಕೂರಬೇಕಾ ಅಂತ. ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾಗಿದ್ದರೆ ಸಾಕು ಅಂತ ಸಡಿಲ ಮಾಡಿತು. ಮನೆಯಲ್ಲಿ ಎರಡು ವಾರ ಚರ್ಚೆ. ನಾನು ಎಕ್ಸ್‌ರೇ ಫಿಲಂ ತಂದು ತೋರಿಸಿದೆ. ಅಣ್ಣ, "ಗೆಳತಿಯರು ಎಕ್ಸ್‌ರೇಯಲ್ಲಿ ಕಾಣಲ್ಲ ಕಣೇ" ಅಂದ. ಆ ಮಾತಿಗೆ ನಾನು ಸುಮ್ಮನಾದೆ. ಆರು ತಿಂಗಳು ಹಿಂದೆ ಮುಂದೆ ಆದರೆ ಐದು ವರ್ಷದ ಮಗುವಿಗೆ ಅದು ಇಡೀ ಬದುಕಿನ ಹತ್ತರಲ್ಲಿ ಒಂದು ಪಾಲು, ಅದು ಸಣ್ಣದಲ್ಲ ಅಂತ ನಾನು ಈಗಲೂ ಅನ್ನುತ್ತೇನೆ. ಆದರೆ ಒಬ್ಬಳೇ ಹಿಂದೆ ಉಳಿಯುವುದೂ ಸಣ್ಣದಲ್ಲ. ಕಳಿಸಿದರು.

ಮೊದಲ ತಿಂಗಳು ಕಷ್ಟವಾಯಿತು. ಲೆಕ್ಕ, ಓದು ಪರವಾಗಿಲ್ಲ, ಬರೆಯುವುದಕ್ಕೆ ಮಾತ್ರ ಎಲ್ಲರಿಗಿಂತ ಹಿಂದೆ. ಕೈ ನೋಯುತ್ತದೆ ಅಂದರೆ ನಾನು ನಂಬುತ್ತಿದ್ದೆ, ಪುಸ್ತಕ ಮುಚ್ಚಿಸಿ ಕುಂಟೆಬಿಲ್ಲೆ ಆಡಿಸುತ್ತಿದ್ದೆ. ಅತ್ತಿಗೆಗೂ ನನಗೂ ಅದರ ಬಗ್ಗೆ ಎರಡು ಮಾತು ಆಗಿದ್ದೂ ಉಂಟು.

ಜುಲೈನಲ್ಲಿ ಒಂದು ಮಧ್ಯಾಹ್ನ ಶೂ ಬಿಚ್ಚಿ, ಈ ಸಲ ಅದನ್ನು ಸ್ಟ್ಯಾಂಡಿನಲ್ಲಿಟ್ಟು ಬಂದು ಹೇಳಿದಳು. "ಇವತ್ತು ನಾನು ಅತ್ತೆ."

ಅತ್ತೆ! ಯಾವಾಗ ಬಂತು ಈ ಪದ, ಗೊತ್ತೇ ಆಗಲಿಲ್ಲ. ಯಾಕೆ ಅತ್ತೆ ಅಂತ ಮೊದಲು ಕೇಳಬೇಕಿತ್ತು. ಬಾಯಿಗೆ ಬಂದಿದ್ದು, "ನೀನೆಲ್ಲಿ ಅತ್ತೆ? ನಾನಲ್ವಾ ಅತ್ತೆ?"

ಹುಬ್ಬು ಗಂಟು ಹಾಕಿ ನಿಂತಳು. ಒಂದು ಪದಕ್ಕೆ ಎರಡು ಅರ್ಥ ಒಟ್ಟಿಗೆ ಹಿಡಿದುಕೊಳ್ಳುವುದು ಈ ವಯಸ್ಸಿಗೆ ಭಾರವೇ. ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಆಮೇಲೆ ಮುಖ ಅರಳಿತು. ಬಿದ್ದು ಬಿದ್ದು ನಕ್ಕಳು, ಅತ್ತಿದ್ದು ಯಾಕೆ ಅಂತ ಅವಳಿಗೂ ಮರೆತುಹೋಯಿತು, ನನಗೂ. ಈ ಜೋಕು ಅಜ್ಜಿಗೆ ಹೇಳಲೇಬೇಕು ಅಂತ ಅಡುಗೆಮನೆಗೆ ಓಡಿದಳು. ನಾನು ಇಲ್ಲಿಂದಲೇ ಕೇಳಿಸಿಕೊಂಡೆ.

"ಅಜ್ಜಿ ಅಜ್ಜಿ, ನಾನು ಅತ್ತೆ! ಅತ್ತೆ ಅಂದ್ರೆ ಅತ್ತೆ ಅಲ್ಲ ಅಜ್ಜಿ. ಅಳಿದೆ ಅಂತ!"

"ಬಿಡ್ತು ಅನ್ನೇ" ಅಂದರು ಅಮ್ಮ.